ಮೂರ್ತಪ್ಪನ ತುಂಬಿದ ಕಾರು

ಶಿವಮೊಗ್ಗದ ವಿದ್ಯಾನಗರದಲ್ಲಿರುವ ಮೂರ್ತಪ್ಪನ ಕಾರಿನ ಹಿಂದಿನ ಸೀಟಿಗೆ ಷೋರೂಮಿನವರು ಹೊದಿಸಿ ಕೊಟ್ಟಿದ್ದ ಪ್ಲಾಸ್ಟಿಕ್ ಹಾಳೆ, ಕಾರು ಹಳತಾದರೂ ಹರಿದಿರಲಿಲ್ಲ. ಮೂರ್ತಪ್ಪ ಇದನ್ನು ತನ್ನ ಜೋಪಾನಕ್ಕೆ ಸಾಕ್ಷಿ ಎಂದು ಹೇಳಿಕೊಳ್ಳುತ್ತಿದ್ದ. ನಿಜವಾದ ಕಾರಣವೆಂದರೆ ಅದರ ಮೇಲೆ ಯಾರೂ ಕೂತಿರಲಿಲ್ಲ.

ಕೂರುವುದಕ್ಕೆ ಜನ ಬೇಕಲ್ಲ. ಮೂರ್ತಪ್ಪ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನಿವೃತ್ತಿ ಹತ್ತಿರ ಬಂದಿತ್ತು, ಮಕ್ಕಳಿರಲಿಲ್ಲ. ಹೆಂಡತಿ ಜಯಾಗೆ ಕಾರಿನ ಬಾಗಿಲು ಹಾಕಿದ ಕೂಡಲೇ ಹೊಟ್ಟೆ ತೊಳಸುತ್ತಿತ್ತು. ಮದುವೆ ಮುಂಜಿಗೆ ಅವಳು ಆಟೋದಲ್ಲಿ ಹೋಗುತ್ತಿದ್ದಳು. ಇವನು ಆ ಆಟೋದ ಹಿಂದೆಯೇ ಖಾಲಿ ಕಾರಿನಲ್ಲಿ, ಯಾರೋ ಮಂತ್ರಿಗೆ ಬೆಂಗಾವಲು ಹೊರಟವನಂತೆ, ಗಂಭೀರವಾಗಿ ಹೋಗುತ್ತಿದ್ದ. ಛತ್ರದ ಬಾಗಿಲಲ್ಲಿ ಗಂಡ ಹೆಂಡತಿ ಭೇಟಿಯಾಗುತ್ತಿದ್ದರು.

ಈ ಕಾರಿಗೆ ಖಾಯಂ ಆಗಿ ಇದ್ದ ಪ್ರಯಾಣಿಕರು ಒಬ್ಬರೇ, ಭದ್ರಾವತಿಯ ಚೌಡಮ್ಮ. ಮೂರ್ತಪ್ಪನ ಅಕ್ಕ. ಅವ್ವ ಬೇಗ ತೀರಿಕೊಂಡಿದ್ದರಿಂದ ಮೂರ್ತಪ್ಪನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಪ್ರತಿವರ್ಷ ಗೌರಿ ಹಬ್ಬದ ಹಿಂದಿನ ದಿನ ಅವನು ಹೋಗಿ ಅಕ್ಕನನ್ನು ಕರೆತರುತ್ತಿದ್ದ. ಭಾವ ಹೋದ ಮೇಲೆ ಬಾಗಿನದ ಮಾತು ನಿಂತಿತು, ಆದರೆ ಕರೆತರುವುದು ನಿಲ್ಲಲಿಲ್ಲ. ಅಕ್ಕ ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುತ್ತಿದ್ದಳು. ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಸೀಟಿನಲ್ಲಿ ಮಾತ್ರ. ಭದ್ರಾವತಿಯಲ್ಲಿ ಸೊಸೆಯ ಕಿವಿ ಇತ್ತು, ವಿದ್ಯಾನಗರದಲ್ಲಿ ತಮ್ಮನ ಹೆಂಡತಿಯ ಕಿವಿ. ಇಬ್ಬರೂ ಕೆಟ್ಟವರೇನಲ್ಲ, ಆದರೂ ಕೆಲವು ಮಾತು ಕಿವಿಗಳ ಎದುರು ಹೊರಡುವುದಿಲ್ಲ. ಎರಡು ಊರಿನ ನಡುವಿನ ಆ ಸ್ವಲ್ಪ ದಾರಿಯಲ್ಲಿ ಅಕ್ಕ ವರ್ಷದ ಮಾತನ್ನೆಲ್ಲ ಆಡಿ ಮುಗಿಸಿ, ಊರು ಬಂದಾಗ ಸೆರಗಿನಿಂದ ಮುಖ ಒರೆಸಿಕೊಂಡು ಹಗುರಾಗಿ ಇಳಿಯುತ್ತಿದ್ದಳು.

ಹೋದ ವರ್ಷ ಒಂದು ಅನಾಹುತವಾಯಿತು. ರಾಹುಕಾಲ ಶುರುವಾಗುವುದರೊಳಗೆ ಅತ್ತಿಗೆ ಮನೆ ಹೊಗಬೇಕೆಂದು ಜಯಾ ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಮೂರ್ತಪ್ಪ ಕಾರನ್ನು ಓಡಿಸಿದ. ಮಾಚೇನಹಳ್ಳಿಯ ಹತ್ತಿರ ಬಣ್ಣ ಬಳಿಯದ ಒಂದು ಹಂಪು ಕಾಣದೆ, ಕಾರು ಹಾರಿ ಇಳಿಯಿತು. ಅಕ್ಕನೂ ಹಾರಿ ಇಳಿದಳು. ಸೊಂಟ ಹಿಡಿದುಕೊಂಡಿತು. ಮುಂದೆ ವಿದ್ಯಾನಗರದ ಸುತ್ತು ಫ್ಲೈಓವರಿನಲ್ಲಿ ಕಾರು ವಾಲಿದ ರಭಸಕ್ಕೆ ಅಕ್ಕ ಬಾಗಿಲಿಗೆ ಅಂಟಿಕೊಂಡು ಕಣ್ಣು ಮುಚ್ಚಿದವಳು ಮನೆ ಬರುವವರೆಗೂ ತೆರೆಯಲಿಲ್ಲ. ರಾಹುಕಾಲಕ್ಕೆ ಮುಂಚೆ ಮನೆ ಹೊಕ್ಕಿದ್ದಂತೂ ಹೌದು. ನಾಲ್ಕು ಜನ ಹೊತ್ತುಕೊಂಡು ಹೋದರು. ಆ ಹಬ್ಬವನ್ನು ಅಕ್ಕ ಚಾಪೆಯ ಮೇಲೆ ಮಲಗಿಯೇ ಮಾಡಿದಳು.

ಹೊರಡುವಾಗ ಹೇಳಿದಳು: "ಮೂರ್ತೀ, ಮುಂದಿನ್ ವರ್ಷದಿಂದ ನಾನು ಬಸ್ಸಲ್ಲೇ ಬರ್ತೀನಿ ಕಣೋ. ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದರೆ ಯಾರು ಕೇಳುತ್ತಾರೆ? ಮನೆ ಮುಂದೆ ಕಾರು ನಿಲ್ಲಿಸಿಕೊಂಡ ತಮ್ಮನ ಮನೆಗೆ ಅಕ್ಕ ಬಸ್ಸಿನಲ್ಲಿ ಬಂದಿಳಿಯುವುದೆಂದರೆ ಏನರ್ಥ? ಮೂರ್ತಪ್ಪ ತಿಂಗಳುಗಟ್ಟಲೆ ಇದನ್ನೇ ಯೋಚಿಸಿದ. ಕಾರಿನ ಸಸ್ಪೆನ್ಷನ್, ಅಂದರೆ ಕುಲುಕು ತಡೆಯುವ ಸ್ಪ್ರಿಂಗುಗಳನ್ನು, ಬದಲಾಯಿಸುವುದೆಂದು ಕೊನೆಗೆ ತೀರ್ಮಾನಿಸಿದ.

ಸಲಹೆಗೆ ಎದುರು ಮನೆಯ ಗೋವಿಂದಯ್ಯನವರೇ ಇದ್ದರು. ಅವರಿಗೆ ಸ್ವಂತದ್ದು ಎಂದು ಒಂದು ಸೈಕಲ್ಲೂ ಇರಲಿಲ್ಲ. ಆದ್ದರಿಂದ ಎಲ್ಲ ವಾಹನಗಳ ಬಗ್ಗೆಯೂ ಅವರಿಗೆ ಪಕ್ಷಪಾತವಿಲ್ಲದ ಅಭಿಪ್ರಾಯಗಳಿದ್ದವು. ದೊಡ್ಡ ಮೈಯ ಮನುಷ್ಯ. ಅವರು ಕೂತರೆ ಮೂರ್ತಪ್ಪನ ಜಗುಲಿಯ ಬೆತ್ತದ ಕುರ್ಚಿ ಒಂದು ಸಲ ನರಳಿ ಸುಮ್ಮನಾಗುತ್ತಿತ್ತು.

"ಮೆತ್ತಗಿನ ಸ್ಪ್ರಿಂಗ್ ಮಾತ್ರ ಹಾಕಿಸ್ಬೇಡಿ ಮಾರಾಯ್ರೆ," ಎಂದರು ಗೋವಿಂದಯ್ಯ. "ಮೆತ್ತಗಾದಷ್ಟೂ ತಿರುವಲ್ಲಿ ಕಾರು ವಾಲುತ್ತೆ. ನಿಮ್ಮಕ್ಕ ಬಾಗಿಲಿಗೆ ಒರಗ್ತಾರೆ. ಬಾಗಿಲು ಸರಿಯಾಗಿ ಹಾಕಿರಲ್ಲ. ಆಮೇಲೆ?"

"ಗಟ್ಟಿದು ಹಾಕಿಸಿದ್ರೆ?"

"ತಿರುವಲ್ಲಿ ಬಂಡೆ ಥರ ನಿಲ್ಲುತ್ತೆ. ಸೊಂಟ ಹೋಗುತ್ತೆ."

"ಹಾಗಾದ್ರೆ ಯಾವ್ದು ಹಾಕಿಸ್ಲಿ?"

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು!" ಎಂದು ಗೋವಿಂದಯ್ಯ ಕಾಫಿ ಮುಗಿಸಿ ಎದ್ದರು.

ಎರಡೂ ಬೇಕು, ವಾಲಲೂಬಾರದು ಕುಲುಕಲೂಬಾರದು, ಎಂದುಕೊಂಡು ಮೂರ್ತಪ್ಪ ಮಾಚೇನಹಳ್ಳಿಯ ಗಣೇಶನ ವರ್ಕ್‌ಷಾಪಿಗೆ ಹೋದ. ಗಣೇಶ ಮೊದಲು ಲಾರಿ, ಟ್ರಾಕ್ಟರ್ ಟ್ರೈಲರುಗಳ ಸ್ಪ್ರಿಂಗ್ ಮಾಡುತ್ತಿದ್ದವನು, ಈಗ ಕಾರುಗಳಿಗೂ ಕೈ ಹಾಕಿದ್ದ. ತನ್ನ ಕೆಲಸದ ಬಗ್ಗೆ ಅವನಿಗೆ ಅಪಾರ ಗೌರವ. ಸ್ಪ್ರಿಂಗ್ ಬಗ್ಗೆ ಮಾತಾಡುವಾಗ ಬಾಯಲ್ಲಿದ್ದ ಗುಟ್ಕಾ ಉಗುಳಿ ಬಂದು ಮಾತಾಡುತ್ತಿದ್ದ.

"ಎರಡೂ ಆಗುತ್ತೆ ಸಾರ್, ಯಾಕಾಗಲ್ಲ? ನಂಗೊಂದು ಹೇಳ್ಬಿಡಿ. ನಿಮ್ ಕಾರಲ್ಲಿ ಮಾಮೂಲಿ ಎಷ್ಟ್ ಜನ ಕೂರ್ತೀರಾ? ಅದರ ಮೇಲೆ ಸ್ಪ್ರಿಂಗು, ಅದರ ಮೇಲೆ ಶಾಕ್ ಅಬ್ಸಾರ್ಬರು. ಭಾರ ಗೊತ್ತಾದ್ರೆ ಮಿಕ್ಕಿದ್ದು ನಂದು."

ಬೆಂಚಿನ ಮೇಲೆ ಇನ್ನೂ ಕೆಲವು ಗಿರಾಕಿಗಳು ಕೂತಿದ್ದರು. ಅವರಲ್ಲಿ ಜೀಪಿನವನೊಬ್ಬ ಆಗಷ್ಟೇ ಹೇಳಿದ್ದ: ಅವನ ಗಾಡಿಯಲ್ಲಿ ಅತ್ತೆ, ಮಾವ, ಮಕ್ಕಳು, ಕೂಲಿಯಾಳು, ಒಮ್ಮೊಮ್ಮೆ ಕರು ಕೂಡ ಕೂರುತ್ತದಂತೆ. ಬೆಂಚಿನವರೆಲ್ಲ ಮೆಚ್ಚುಗೆಯಿಂದ ತಲೆದೂಗಿದ್ದರು. ಈಗ ಎಲ್ಲರ ಮುಖವೂ ಮೂರ್ತಪ್ಪನ ಕಡೆ ತಿರುಗಿತು. ಇಂಥ ಸಭೆಯಲ್ಲಿ ಎದ್ದು ನಿಂತು, ನಾನೊಬ್ಬನೇ ಕೂರುತ್ತೇನೆ, ವರ್ಷಕ್ಕೊಮ್ಮೆ ನಮ್ಮಕ್ಕ ಕೂರುತ್ತಾಳೆ ಎಂದು ಹೇಳುವುದಕ್ಕೆ ಎಂಥ ಗುಂಡಿಗೆ ಬೇಕು!

"ಅಯ್ಯೋ, ನಮ್ ಕಾರಲ್ಲಿ ಜಾಗ ಸಿಗೋದೇ ಕಷ್ಟ ಮಾರಾಯ," ಎಂದ ಮೂರ್ತಪ್ಪ. "ಯಾವಾಗ್ಲೂ ಫುಲ್ಲು. ನೆಂಟ್ರು, ಇಷ್ಟ್ರು, ಬೀದಿಯೋರು. ಯಾರಿಗೆ ಇಲ್ಲ ಅನ್ನಕ್ಕಾಗುತ್ತೆ? ಡಿಕ್ಕೀನೂ ಫುಲ್ಲು."

ಗಣೇಶ ಬಗ್ಗಿ ಹಿಂದಿನ ಸೀಟಿನ ಪ್ಲಾಸ್ಟಿಕ್ಕನ್ನು ನೋಡಿದ.

"ಅದು ಮೊನ್ನೆ ಹೊಸದಾಗಿ ಹಾಕಿಸಿದ್ದು," ಎಂದು ಗಣೇಶ ಕೇಳುವ ಮುಂಚೆಯೇ ಮೂರ್ತಪ್ಪ ಹೇಳಿದ.

ಸಂಜೆಗೆ ಕಾರು ತಯಾರಾಯಿತು. ಹಳೆಯದಕ್ಕಿಂತ ಹಿಂಭಾಗ ಗಂಡುಕೋಳಿಯಂತೆ ಎದ್ದು ನಿಂತಿತ್ತು. ಫ್ಲೈಓವರಿನ ಸುತ್ತಿನಲ್ಲಿ ಮೂರ್ತಪ್ಪ ಬೇಕೆಂದೇ ಜೋರಾಗಿ ತಿರುಗಿಸಿದ. ಕಾರು ಒಂದಿಷ್ಟೂ ವಾಲಲಿಲ್ಲ. ಅವನಿಗೆ ಹಾಡು ಹೇಳಿಕೊಳ್ಳುವಷ್ಟು ಖುಷಿಯಾಯಿತು. ಹಾಡು ಶುರು ಮಾಡುವಷ್ಟರಲ್ಲಿ ಸುತ್ತು ಮುಗಿದು ನೇರ ರಸ್ತೆ ಬಂತು, ಬಾಯಿ ಮುಚ್ಚಬೇಕಾಯಿತು, ಇಲ್ಲದಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ರಸ್ತೆಯಲ್ಲಿ ಯಾರೋ ಉಗುಳಿ ಹೋಗಿದ್ದ ಅಡಿಕೆ ಚೂರು ಕೂಡ ಅವನ ಬೆನ್ನಿಗೆ ಪ್ರತ್ಯೇಕವಾಗಿ ತಿಳಿಯಿತು. ಕನ್ನಡಕ ಮೂಗಿನ ತುದಿಗೆ ಬಂತು. ಊಟದ ಕ್ಯಾರಿಯರಿನ ಮುಚ್ಚಳ ಕಳಚಿ, ಉಳಿದಿದ್ದ ಸಾರು ಹಿಂದಿನ ಸೀಟಿನ ಮೇಲೆ ಹರಿಯಿತು. ಪ್ಲಾಸ್ಟಿಕ್ ಹಾಳೆ ಬಂದಿದ್ದಕ್ಕೆ ಅವತ್ತೊಂದು ದಿನ ಸಾರ್ಥಕವಾಯಿತು.

ಮಾರನೆಯ ದಿನ ಬೆಳಿಗ್ಗೆಯೇ ಅವನು ಗಣೇಶನ ಮುಂದೆ ಸೊಂಟ ಹಿಡಿದುಕೊಂಡು ನಿಂತಿದ್ದ. ಗಣೇಶ ವಾದ ಮಾಡಲಿಲ್ಲ. ಗಾಡಿ ಒಯ್ಯಲು ಬಂದಿದ್ದ ಜೀಪಿನವನನ್ನೂ, ವೆಲ್ಡಿಂಗಿನವನನ್ನೂ ಹಿಂದೆ ಕೂರಿಸಿ, ತಾನೂ ನಡುವೆ ತೂರಿಕೊಂಡು, "ಹೋಗಿ ಸಾರ್," ಎಂದ. ಕಾರು ರಸ್ತೆಯ ಗುಂಡಿಗಳ ಮೇಲೆ ದೋಣಿ ಹೋದಂತೆ ಹೋಯಿತು. ಹೋದ ವರ್ಷದ ಆ ಹಂಪು ಬಂದಿದ್ದೂ ಗೊತ್ತಾಗಲಿಲ್ಲ, ಹೋಗಿದ್ದೂ ಗೊತ್ತಾಗಲಿಲ್ಲ.

"ನೋಡಿದ್ರಾ? ನೀವು ಹೇಳಿದ ಲೋಡಿಗೆ ಕರೆಕ್ಟಾಗಿ ಕೂರ್ಸಿದೀನಿ. ನಿನ್ನೆ ಖಾಲಿ ಓಡಿಸಿರ್ತೀರಾ."

"ನಿನ್ನೆ... ಯಾರೂ ಸಿಗಲಿಲ್ಲ."

"ಅದಕ್ಕೇ. ಖಾಲೀನೇ ಓಡಿಸೋದು ಜಾಸ್ತಿ ಅನ್ನೋ ಹಂಗಿದ್ರೆ ಹೇಳ್ಬಿಡಿ ಸಾರ್, ಬಿಚ್ಚಿ ಬೇರೆ ಹಾಕ್ತೀನಿ. ಒಂದೊತ್ತಿನ ಕೆಲ್ಸ."

ದೇವರು ಮನುಷ್ಯನಿಗೆ ಇಷ್ಟು ಸುಲಭದ ಅವಕಾಶ ಪದೇ ಪದೇ ಕೊಡುವುದಿಲ್ಲ. ಹೌದಪ್ಪ, ಖಾಲಿಯೇ ಓಡಿಸುವುದು, ಎಂದು ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು, ನಮಗೂ ಯಾವ ಸಂಕಟವೂ ಇರುತ್ತಿರಲಿಲ್ಲ. ಆದರೆ ಜೀಪಿನವನು ಕಿಟಕಿಯಿಂದ ತಲೆ ಹೊರಹಾಕಿ ಕೇಳಿಸಿಕೊಳ್ಳುತ್ತಿದ್ದ. "ಬೇಡ ಬೇಡ, ಇದೇ ಇರ್ಲಿ," ಎಂದ ಮೂರ್ತಪ್ಪ.

ಅಂದಿನಿಂದ ಮೂರ್ತಪ್ಪ ಜನರನ್ನು ಹುಡುಕತೊಡಗಿದ. ಆಡಿದ ಸುಳ್ಳನ್ನು ನಿಜ ಮಾಡದೆ ಕಾರು ಬಿಡುವಂತಿರಲಿಲ್ಲ. ಬೆಳಿಗ್ಗೆ ಗೇಟು ತೆಗೆದು ಬೀದಿಯ ಎರಡೂ ಕಡೆ ನೋಡುತ್ತಿದ್ದ. "ಗೋವಿಂದಯ್ಯನೋರೇ, ಮಾರ್ಕೆಟ್ಟಿಗಾ? ಬನ್ನಿ ಬನ್ನಿ." "ಮಹಾಂತಮ್ಮನೋರೇ, ಬಿಸ್ಲಲ್ಲಿ ಯಾಕೆ ನಡೀತೀರಾ?" ಮಹಾಂತಮ್ಮ ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ. ಅವರು ಹತ್ತಿದ ಬದಿಗೆ ಕಾರು ಗೌರವದಿಂದ ಬಗ್ಗುತ್ತಿತ್ತು. ಹಾಲಿನ ಡೈರಿಯ ಕರಿಯಣ್ಣ ಪ್ರಾಯದಲ್ಲಿ ಕುಸ್ತಿ ಮಾಡಿದವನು. ಅವನು ಸಿಕ್ಕ ದಿನ ಮೂರ್ತಪ್ಪನಿಗೆ ಹಬ್ಬ. ಮೂಲೆ ಮನೆಯ ವಸಂತ್ ಒಂದು ದಿನ ತಾನಾಗಿಯೇ ಕೈ ಅಡ್ಡ ಹಾಕಿದ. ಅವನದು ಕಡ್ಡಿಯಂಥ ಮೈ. ಮೂರ್ತಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ ಜೊತೆ ಮತ್ತಾರಾದ್ರೂ ಇದಾರಾ?" ಎಂದು ಕೇಳಿದ. ಇಲ್ಲವೆಂದಾಗ, "ನಡಿಯೋದು ಆರೋಗ್ಯಕ್ಕೆ ಒಳ್ಳೇದು," ಎಂದು ಮುಂದೆ ಹೋದ. ವಸಂತ್ ಆ ಅವಮಾನವನ್ನು ಬೀದಿಗೆಲ್ಲ ಹಂಚಿದ.

ಬೀದಿ ಯೋಚಿಸಿತು. ಇಷ್ಟು ವರ್ಷ ತನ್ನ ಪಾಡಿಗೆ ತಾನಿದ್ದ ಮನುಷ್ಯ ಇದ್ದಕ್ಕಿದ್ದಂತೆ ಸಿಕ್ಕಸಿಕ್ಕವರನ್ನು ಕಾರಿಗೆ ಹತ್ತಿಸಿಕೊಳ್ಳುವುದೆಂದರೇನು? ಅದರಲ್ಲೂ ಬೀದಿಯಲ್ಲಿ ತೂಕವಿರುವವರನ್ನೇ ಆರಿಸಿ? ಮಹಾನಗರ ಪಾಲಿಕೆಯ ಚುನಾವಣೆ ಇವತ್ತು ನಾಳೆ ಎನ್ನುತ್ತ ಮುಂದಕ್ಕೆ ಹೋಗುತ್ತಿದ್ದ ಕಾಲ. ಉತ್ತರ ತಾನಾಗಿಯೇ ಹೊಳೆಯಿತು.

ಗೋವಿಂದಯ್ಯ ಒಂದು ಸಂಜೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತು, ದನಿ ತಗ್ಗಿಸಿದರು. "ಬಾಯಿಬಿಟ್ಟು ಹೇಳ್ಬೇಡಿ. ನಂಗೆ ಅರ್ಥ ಆಗಿದೆ. ನಿಲ್ರಿ ನೀವು. ನಾವಿದೀವಿ."

"ಎಲ್ಲಿ ನಿಲ್ಲೋದು?"

"ಭೇಷ್! ಹೀಗೇ ಇರ್ಬೇಕು. ಕೊನೇವರ್ಗೂ ಏನೂ ಗೊತ್ತಿಲ್ದಂಗೆ."

ಮಹಾಂತಮ್ಮ ಕಾರಿನಲ್ಲಿ ಕೂತ ಕೂಡಲೇ ಚರಂಡಿಗೆ ಕಲ್ಲು ಹಾಸುವ ವಿಷಯ ತೆಗೆಯತೊಡಗಿದರು. ಹೂವಿನವಳು ಜಯಾಗೆ ಅಳತೆ ಮೀರಿ ಹೂವು ಕೊಟ್ಟಳು. ಜಯಾ ಅದನ್ನು ಮುಡಿದುಕೊಂಡು, ಗಂಡ ತನ್ನೊಬ್ಬಳಿಗೇ ಹೇಳದೆ ಇಂಥ ನಿರ್ಧಾರ ಮಾಡಿದನಲ್ಲ ಎಂದು ಸಿಟ್ಟಾದಳು. ಸುದ್ದಿ ಕಚೇರಿಯನ್ನೂ ಮುಟ್ಟಿ, ಸಾಹೇಬರು ಒಳಗೆ ಕರೆದರು.

"ಏನ್ರೀ ಮೂರ್ತಪ್ಪ, ಸರ್ಕಾರಿ ನೌಕರರು ಚುನಾವಣೆಗೆ ನಿಲ್ಲೋ ಹಾಗಿಲ್ಲ, ಗೊತ್ತಲ್ವಾ?"

"ಸಾರ್, ಅದು ಚುನಾವಣೆಗಲ್ಲ, ಸ್ಪ್ರಿಂಗಿಗೆ. ಸ್ಪ್ರಿಂಗಿಗೆ ಭಾರ ಬೇಕು ಸಾರ್."

ಸಾಹೇಬರು ಬಹಳ ಹೊತ್ತು ಅವನ ಮುಖವನ್ನೇ ನೋಡಿದರು. ಇಷ್ಟು ಆಳವಾದ ರಾಜಕಾರಣಿ ತಮ್ಮ ಕಚೇರಿಯಲ್ಲೇ ಇದ್ದದ್ದು ಅವರಿಗೆ ಗೊತ್ತಿರಲಿಲ್ಲ. "ಸರಿ, ರಿಟೈರ್ ಆಗೋವರ್ಗೂ ಸ್ವಲ್ಪ ತಡ್ಕೊಳ್ಳಿ," ಎಂದು, ಎದ್ದು ಬಾಗಿಲ ತನಕ ಬಂದು, "ನಮ್ ಭಾಮೈದ ಒಬ್ಬ ರಸ್ತೆ ಕಂಟ್ರಾಕ್ಟರು. ಮುಂದೆ ನೆನಪಿರ್ಲಿ," ಎಂದರು.

ಮೂರ್ತಪ್ಪ ನಿಜ ಹೇಳಬಹುದಿತ್ತು. ಹೇಗೆ ಹೇಳುವುದು? ಮಹಾಂತಮ್ಮನವರೇ, ನೀವು ದಪ್ಪಗಿದ್ದೀರೆಂದು ಕೂರಿಸಿಕೊಂಡೆ, ಎಂದು ಹೇಳಿ ಆ ಬೀದಿಯಲ್ಲಿ ಬದುಕಿ ಉಳಿಯುವುದುಂಟೆ? ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ದಾರಿಯಲ್ಲಿ ಜನ ಕೈ ಎತ್ತಿ ನಮಸ್ಕಾರ ಮಾಡುವುದು, ತುಂಬಿದ ಕಾರಿನಲ್ಲಿ ಮಾತು ನಗು ಎದ್ದು ಕನ್ನಡಿಯಲ್ಲಿ ಹಿಂದಿನದೇನೂ ಕಾಣದಿರುವುದು, ಇವೆಲ್ಲ ಅವನಿಗೆ ಇಷ್ಟವಾಗತೊಡಗಿತ್ತು. ಪ್ಲಾಸ್ಟಿಕ್ ಹಾಳೆ ಹರಿದು ಚಿಂದಿಯಾಗಿತ್ತು. ಅದನ್ನು ಅವನು ಕಿತ್ತು ಎಸೆದ.

ಗೌರಿ ಹಬ್ಬ ಬಂತು. ಮೂರ್ತಪ್ಪ ಫೋನು ಮಾಡಿದ.

"ನಾನ್ ಬಸ್ಸಲ್ಲಿ ಬರ್ತೀನಿ ಬಿಡೋ," ಎಂದಳು ಅಕ್ಕ.

"ಅಕ್ಕಾ, ಕಾರು ರಿಪೇರಿ ಮಾಡ್ಸಿದೀನಿ. ಹೊಟ್ಟೆ ನೀರು ಅಲ್ಲಾಡದ ಹಂಗೆ ಕರ್ಕೊಂಡ್ ಬರ್ತೀನಿ. ನನ್ನಾಣೆ."

"ಸರಿ, ನೀನೇ ಬಾ. ಬಸ್ಸಲ್ಲಿ ಬಂದ್ರೆ ಮಾತಾಡಕ್ಕಾಗಲ್ಲ. ನಿನ್ ಹತ್ರ ಒಂದು ಮಾತು ಆಡೋದಿದೆ."

ಅಕ್ಕ ಕಾರಿಗೆ ಒಪ್ಪಿದಳು ಎಂಬುದಷ್ಟೇ ಮೂರ್ತಪ್ಪನ ತಲೆಗೆ ಹೋಯಿತು, ಉಳಿದ ಮಾತು ಹೋಗಲಿಲ್ಲ.

ಅಕ್ಕನದು ಹಕ್ಕಿಯಂಥ ಮೈ. ಅವಳನ್ನು ಹೊಟ್ಟೆ ನೀರು ಅಲ್ಲಾಡದಂತೆ ತರಬೇಕೆಂದರೆ ಹಿಂದೆ ಭಾರ ಬೇಕು. ಗೋವಿಂದಯ್ಯ, ಮಹಾಂತಮ್ಮ, ಕರಿಯಣ್ಣ ಮೂವರನ್ನೂ ಅವನು ಮನೆಮನೆಗೆ ಹೋಗಿ ಕರೆದ. ಅಭ್ಯರ್ಥಿಯ ಅಕ್ಕನನ್ನು ತವರಿಗೆ ಕರೆತರುವುದು ಹೆಣ್ಣುಮಕ್ಕಳ ಮತಕ್ಕೆ ಒಳ್ಳೆಯದೆಂದು ಗೋವಿಂದಯ್ಯ ಹೊಸ ಪಂಚೆ ಉಟ್ಟು ಬಂದರು. ಮಹಾಂತಮ್ಮ ರೇಷ್ಮೆ ಸೀರೆಯಲ್ಲಿ ಬಂದರು.

ಭದ್ರಾವತಿಯಲ್ಲಿ ಚೌಡಮ್ಮ ಬ್ಯಾಗು ಹಿಡಿದು ಗೇಟಿನಲ್ಲೇ ನಿಂತಿದ್ದಳು. ಕಾರು ಬರುವುದನ್ನು ಕಂಡು ಮುಖ ಅರಳಿತು. ಹತ್ತಿರ ಬಂದಾಗ ಒಳಗೆ ಬಗ್ಗಿ ನೋಡಿದಳು.

"ಇವರೆಲ್ಲ ಯಾರೋ?"

"ನಮ್ಮೋರೇ ಅಕ್ಕಾ, ಎಲ್ಲಾ ನಮ್ಮೋರೇ!" ಎಂದ ಮೂರ್ತಪ್ಪ, ಎದೆ ಉಬ್ಬಿಸಿ.

ಅವತ್ತು ಕಾರು ಹೋದ ರೀತಿಯನ್ನು ನೋಡಬೇಕಿತ್ತು. ಭದ್ರಾ ಸೇತುವೆ ದಾಟಿ, ಕಿತ್ತುಹೋದ ರಸ್ತೆಯ ಮೇಲೆ, ಹಂಪುಗಳ ಮೇಲೆ, ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಯಿತು. ಮೂರ್ತಪ್ಪ ಪ್ರತಿ ಹಂಪಿಗೂ ಅಕ್ಕನ ಮುಖ ನೋಡಿದ. ಅಕ್ಕ ಒಂದು ಸಲವೂ ಸೊಂಟ ಮುಟ್ಟಿಕೊಳ್ಳಲಿಲ್ಲ. ಹಿಂದೆ ಮೂವರೂ ಚಿಹ್ನೆ ಯಾವುದು ಸಿಗಬಹುದೆಂದು ಜಗಳವಾಡುತ್ತಿದ್ದರು.

ಮಾಚೇನಹಳ್ಳಿಯ ಹತ್ತಿರ ಅಕ್ಕ ಅವನ ಕಡೆ ವಾಲಿ, ಮೆಲ್ಲಗೆ, "ಮೂರ್ತೀ, ಅವತ್ತು ಫೋನಲ್ಲಿ ಹೇಳಿದ್ನಲ್ಲ..." ಎಂದು ಶುರು ಮಾಡಿದಳು.

ಗೋವಿಂದಯ್ಯ ಎರಡು ಸೀಟುಗಳ ನಡುವೆ ತಲೆ ತೂರಿಸಿದರು. "ಹೇಳಿ ಅಕ್ಕಾ, ಹೇಳಿ! ಸಂಕೋಚ ಬೇಡ. ನಿಮ್ಮ ಕಷ್ಟ ನಮ್ಮ ಕಷ್ಟ."

"ಏನಿಲ್ಲಪ್ಪ," ಎಂದಳು ಅಕ್ಕ. "ಕಾರು ಚೆನ್ನಾಗಿದೆ ಅಂದೆ."

ಮೂರ್ತಪ್ಪ ಹಿಗ್ಗಿ ಹೀರೇಕಾಯಿಯಾದ. ಅಕ್ಕನ ಬಾಯಿಂದ ಆ ಮಾತು ಕೇಳಲು ತಾನೇ ಅವನು ವರ್ಷವೆಲ್ಲ ಒದ್ದಾಡಿದ್ದು. ಉಳಿದ ದಾರಿಯಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಸುಖವಾಗಿದೆ, ಅದಕ್ಕೇ ಸುಮ್ಮನಿದ್ದಾಳೆ, ಎಂದುಕೊಂಡ ಪುಣ್ಯಾತ್ಮ.

ಹಬ್ಬದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಕಾರ್ಪೊರೇಟರ್ ಮನೆಯ ಗೌರಿಯನ್ನು ನೋಡಲು ಬೀದಿಯೆಲ್ಲ ಬಂದಿತ್ತು. ವಸಂತ್ ಕೂಡ ಸಿಟ್ಟು ಮರೆತು ಒಬ್ಬಟ್ಟು ತಿಂದು ಹೋದ. ಮೂರ್ತಪ್ಪ ಪಾನಕದ ಲೋಟ ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಕೈ ಸನ್ನೆ ಮಾಡಿದಳು. "ಬಂದೆ ಅಕ್ಕಾ, ಒಂದ್ ನಿಮಿಷ," ಎಂದ. ಆ ನಿಮಿಷ ಬರಲಿಲ್ಲ. ವಾಪಸು ಬಿಡಲು ಹೋದಾಗಲೂ ಹಿಂದೆ ಅದೇ ಮೂವರು. ಗೇಟಿನಲ್ಲಿ ಇಳಿದು ಅಕ್ಕ ಅವನ ತೋಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. "ಚೆನ್ನಾಗಿರು," ಎಂದಳು. ಕರಿಯಣ್ಣ ಡೈರಿಗೆ ಹೊತ್ತಾಯಿತೆಂದು ಅವಸರ ಮಾಡಿದ.

ದೀಪಾವಳಿ ಕಳೆದ ಮೇಲೆ ಅಕ್ಕನ ಮಗ ಸುದೀಪನ ಫೋನು ಬಂತು. "ಮಾಮಾ, ನಾಳೆ ಲಾರಿ ಹೇಳಿದೀನಿ. ಸಾಮಾನೆಲ್ಲ ಕಟ್ಟಾಯ್ತು. ಹೋಗೋ ಮುಂಚೆ ಒಂದ್ಸಲ ಬಂದ್ಹೋಗಿ."

"ಎಲ್ಲಿಗೋ ಲಾರಿ?"

"ತೋರಣಗಲ್ಲಿಗೆ. ಅಲ್ಲಿ ಫ್ಯಾಕ್ಟರೀಲಿ ಕೆಲ್ಸ ಸಿಕ್ತಲ್ಲ, ಎಲ್ರೂ ಹೋಗ್ತಿದೀವಿ. ಅಮ್ಮ ಹಬ್ಬದಲ್ಲಿ ನಿಮಗೆ ಹೇಳಿಲ್ವಾ?"

ಮೂರ್ತಪ್ಪ ಯಾರನ್ನೂ ಕರೆಯಲಿಲ್ಲ. ಗೋವಿಂದಯ್ಯ ಪಂಚೆ ಕಟ್ಟಿಕೊಳ್ಳುತ್ತ ಗೇಟಿನ ತನಕ ಓಡಿಬಂದರೂ ನಿಲ್ಲಿಸಲಿಲ್ಲ. ಖಾಲಿ ಕಾರು ದಾರಿಯುದ್ದಕ್ಕೂ ಅವನನ್ನು ಎತ್ತಿ ಎತ್ತಿ ಹಾಕಿತು.

ಅಕ್ಕನ ಮನೆಯಲ್ಲಿ ಗೋಡೆಗಳು ಬೋಳಾಗಿದ್ದವು. ಹೊಲಿದ ಮೂಟೆಗಳ ನಡುವೆ ಅಕ್ಕ ಒಂದು ಮೂಟೆಯ ಮೇಲೆಯೇ ಕೂತಿದ್ದಳು. ಸೊಸೆ ಲಿಖಿತಾ ಪಾತ್ರೆಗಳನ್ನೆಲ್ಲ ಕಟ್ಟಿದ್ದರಿಂದ ಪಕ್ಕದ ಮನೆಯಿಂದ ಕಾಫಿ ತಂದುಕೊಟ್ಟು ಒಳಗೆ ಹೋದಳು.

"ಯಾಕಕ್ಕ ನಂಗೆ ಹೇಳಲಿಲ್ಲ?"

"ಹೇಳೋದಲ್ಲ ಕಣೋ, ಕೇಳೋದಿತ್ತು," ಎಂದಳು ಅಕ್ಕ. "ನಂಗೆ ಆ ಬಿಸ್ಲು ಊರಿಗೆ ಹೋಗಕ್ಕೆ ಮನ್ಸಿರಲಿಲ್ಲ. ನಿಮ್ಮನೇಲಿ ಹಿಂದಿನ ರೂಮು ಖಾಲಿ ಇದೆಯಲ್ಲ, ಅಲ್ಲಿ ಇದ್ಬಿಡ್ಲಾ ಅಂತ ನಿನ್ನ ಕೇಳೋಣ ಅಂತಿದ್ದೆ. ಜಯಾ ಎದುರಿಗೆ ಕೇಳಿದ್ರೆ ನಿಂಗೆ ಇಕ್ಕಟ್ಟಾಗುತ್ತೆ. ಕಾರಲ್ಲಿ ಕೇಳೋಣ ಅಂತ."

ಮೂರ್ತಪ್ಪನ ಕೈಯ ಲೋಟ ಬಿಸಿಯಾಗಿತ್ತು. ಅದನ್ನು ಕೆಳಗಿಡಬೇಕೆಂದು ಅವನಿಗೆ ತೋಚಲಿಲ್ಲ.

"ಆಮೇಲೆ ನೋಡಿದೆ. ಕಾರ್ ತುಂಬ ಜನ, ಮನೆ ತುಂಬ ಜನ. ನಮ್ ಮೂರ್ತಿಗೆ ಇಷ್ಟೊಂದು ಜನ ಆದ್ರಲ್ಲ ಅಂತ ಖುಷಿಯಾಯ್ತು, ನಿಜವಾಗ್ಲೂ. ಇಷ್ಟು ದಿನ ನೀವಿಬ್ರೇ ಅಂತ ನಂಗೆ ಚಿಂತೆ ಇತ್ತು. ಇನ್ನು ನಾನೊಬ್ಳು ಯಾಕೆ ಬಂದು ತುರುಕ್ಕೊಳ್ಳೋದು ಅಂತ ಸುಮ್ನಾದೆ."

"ಅಕ್ಕಾ, ಅವರ್ಯಾರೂ ನಮ್ಮೋರಲ್ಲ!" ಎಂದ ಮೂರ್ತಪ್ಪ. "ಭಾರಕ್ಕೆ ಕೂರಿಸ್ಕೊಂಡಿದ್ದು. ಸ್ಪ್ರಿಂಗು ಫುಲ್ ಲೋಡಿಂದು. ನಾನೇ ಸುಳ್ಳು ಹೇಳಿ ಹಾಕಿಸ್ಕೊಂಡೆ. ನಿನ್ ಸೊಂಟ ನೋಯ್ಬಾರ್ದು ಅಂತ ಅವರನ್ನ ತಂದೆ."

ಅವನು ಎಲ್ಲವನ್ನೂ ಹೇಳಿದ. ವರ್ಕ್‌ಷಾಪಿನ ಬೆಂಚು, ಜೀಪಿನ ಕರು, ವಸಂತನ ಮೈ, ಸಾಹೇಬರ ಭಾಮೈದ, ಒಂದನ್ನೂ ಬಿಡಲಿಲ್ಲ. ಅಕ್ಕ ಮೊದಲು ಬಾಯಿಗೆ ಸೆರಗು ಅಡ್ಡ ಹಿಡಿದಳು. ಆಮೇಲೆ ತಡೆಯಲಾಗದೆ ಮೂಟೆಯ ಮೇಲೆ ಕುಲುಕಿ ಕುಲುಕಿ ನಕ್ಕಳು. ಮೂರ್ತಪ್ಪನೂ ನಕ್ಕ. ಲಿಖಿತಾ ಏನಾಯಿತೆಂದು ಬಾಗಿಲಿಗೆ ಬಂದು ನೋಡಿ ಹೋದಳು.

"ನಗಿಸ್ಬೇಡ ಮಾರಾಯ, ಸೊಂಟ ನೋಯುತ್ತೆ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

"ಈಗ್ಲೇ ಹೊರಡು ಅಕ್ಕಾ. ನಿನ್ ಮೂಟೆ ಯಾವ್ದು ತೋರ್ಸು. ಜಯಾ ಏನೂ ಅನ್ನಲ್ಲ. ಅಂದ್ರೂ ನಾನಿದೀನಿ."

ಅಕ್ಕ ತಲೆ ಅಲ್ಲಾಡಿಸಿದಳು. "ಲಿಖಿತಾಗೆ ಅಲ್ಲಿ ಸ್ಕೂಲಲ್ಲಿ ಟೀಚರ್ ಕೆಲ್ಸ ಸಿಕ್ಕಿದೆ. ಮಗೂನ ನಾನು ನೋಡ್ಕೋತೀನಿ ಅಂದಿದ್ದಕ್ಕೆ ಅವಳು ಹೂಂ ಅಂದಿದ್ದು. ಹಬ್ಬದಿಂದ ಬಂದ ಮಾರನೇ ದಿನಾನೇ ಮಾತು ಕೊಟ್ಬಿಟ್ಟೆ. ಈಗ ಬರಲ್ಲ ಅಂದ್ರೆ ಆ ಹುಡುಗಿ ಕೆಲ್ಸ ಬಿಡ್ಬೇಕು. ಅದು ತಪ್ಪಾಗುತ್ತಪ್ಪ."

ಗಣೇಶನ ಬೆಂಚಿನ ಮುಂದೆ ಮೂರ್ತಪ್ಪ ಆಡಿದ್ದ ಸುಳ್ಳು ಬೆಳೆದು ಏನಾಯಿತೋ ಅದನ್ನು ಬೀದಿ ನಂಬಿತ್ತು, ಕಚೇರಿ ನಂಬಿತ್ತು, ಅದರಿಂದ ಯಾರಿಗೂ ಏನೂ ನಷ್ಟವಾಗಿರಲಿಲ್ಲ. ಅಕ್ಕನೂ ನಂಬಿಬಿಟ್ಟಳಲ್ಲ ಎಂದು ಅವನು ಅತ್ತ. ನಿವೃತ್ತಿಗೆ ಬಂದ ಸೂಪರಿಂಟೆಂಡೆಂಟ್ ಒಬ್ಬ ಮೂಟೆಗಳ ನಡುವೆ ನಿಂತು, ಕಾಫಿ ಲೋಟ ಹಿಡಿದುಕೊಂಡೇ ಅತ್ತ.

ಅಕ್ಕ ಎದ್ದು, ಲೋಟ ತೆಗೆದುಕೊಂಡು ಕೆಳಗಿಟ್ಟಳು. "ಬಾ, ಸೇತುವೆ ತನಕ ಒಂದ್ ರೌಂಡು ಹೋಗ್ಬರೋಣ. ಇಬ್ರೇ."

"ಕಾರು ಖಾಲಿ ಇದೆ ಅಕ್ಕಾ. ಎತ್ತಿ ಹಾಕುತ್ತೆ."

"ನಿಧಾನ ಹೋಗು."

ಮೂರ್ತಪ್ಪ ನಿಧಾನವಾಗಿ ಹೊರಟ. ಮೊದಲ ಗುಂಡಿ ಬಂದಾಗ ಉಸಿರು ಹಿಡಿದು, ಒಂದೊಂದೇ ಚಕ್ರವನ್ನು ಇಳಿಸಿ ಹತ್ತಿಸಿದ. ಕಾರು ಕುಲುಕಲಿಲ್ಲ. ಹಂಪಿನ ಮೇಲೂ ಹಾಗೆಯೇ ಹೋದ. ಅಕ್ಕನ ಕೈ ಸೊಂಟಕ್ಕೆ ಹೋಗಲಿಲ್ಲ.

"ನೋಡು, ಎಷ್ಟು ಚೆನ್ನಾಗಿ ಹೋಗ್ತಿದೆ," ಎಂದಳು ಅಕ್ಕ. "ಮೊದ್ಲಿಂದ ಹೀಗೇ ಹೋಗಿದ್ರೆ ಆಗ್ತಿತ್ತಲ್ವೇನೋ."

ಆಗುತ್ತಿತ್ತು. ಯಾವ ಸ್ಪ್ರಿಂಗೂ ಬೇಕಿರಲಿಲ್ಲ. ಹಿಂದಿನಿಂದ ಒಬ್ಬ ಆಟೋದವನು ಹಾರನ್ ಹೊಡೆದು, ಪಕ್ಕಕ್ಕೆ ಬಂದು ಬೈದು ಮುಂದೆ ಹೋದ. ಆಮೇಲೆ ಬಸ್ಸಿನವನು ಬೈದ. ಎತ್ತಿನ ಗಾಡಿಯೊಂದು ಅವರನ್ನು ಹಿಂದೆ ಹಾಕಿ ಹೋಯಿತು. ಅಕ್ಕ ಮಾತಾಡುತ್ತಲೇ ಇದ್ದಳು: ಅವ್ವನ ವಿಷಯ, ಭಾವನ ಕೊನೆಯ ದಿನಗಳು, ತೋರಣಗಲ್ಲಿನಲ್ಲಿ ನೀರು ಹೇಗಿರುತ್ತದೋ ಎಂಬ ಹೆದರಿಕೆ. ಮೂರ್ತಪ್ಪ ಸೇತುವೆಯ ಮೇಲೆ ಹೋಗಿ, ಆ ಕಡೆ ತಿರುಗಿಸಿಕೊಂಡು, ಮತ್ತೆ ಸೇತುವೆಯ ಮೇಲೆ ಬಂದ. ಇದಕ್ಕಿಂತ ನಿಧಾನ ಹೋದರೆ ಕಾರು ನಿಂತೇ ಹೋಗುತ್ತಿತ್ತು. ಆದರೂ ಅಕ್ಕನ ಮಾತು ಅರ್ಧ ಮುಗಿಯುವುದರೊಳಗೆ ಮನೆಯ ಗೇಟು ಬಂದುಬಿಟ್ಟಿತು.